ಸ್ಪಷ್ಟತೆಯೂ ಸ್ಫುಟತೆಯೂ: ‘ಪಥೇರ್ ಪಾಂಚಾಲಿ’ಯ ಪರಿಷ್ಕೃತ ಪ್ರತಿಯ ಗೃಹವೀಕ್ಷಣೆ

೧. ವಿಷಯಪ್ರವೇಶ

ಕಾವ್ಯವು ದೃಶ್ಯವೆಂದೂ ಶ್ರವ್ಯವೆಂದೂ ಎರಡು ವಿಧವೆಂಬುದು ಆಲಂಕಾರಿಕರಲ್ಲಿ ಪ್ರಸಿದ್ಧವಾದ ವಿಭಾಗವಾಗಿದೆ. ಶ್ರವ್ಯವಾಗಿ ಹುಟ್ಟಿದ ಕಥೆಯು ದೃಶ್ಯವಾಗಿ ಪರಿಣಮಿಸುವುದೂ ಪ್ರಾಚೀನವಾದ ಸಂಗತಿಯೇ. ಮಹಾಭಾರತದ ಉಪಾಖ್ಯಾನವು ಕಾಳಿದಾಸನ ಶಾಕುಂತಲವಾಯಿತು. ರಾಮಾಯಣದ ಉತ್ತರಕಥೆಯು ಭವಭೂತಿಯ ಕೈಯಲ್ಲಿ ನಾಟಕವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಈ ಪರಿಣಾಮಕ್ಕೆ ಚಲಚ್ಚಿತ್ರವೆಂಬ ಮತ್ತೊಂದು ಮಾರ್ಗವು ತೆರೆಯಿತು. ಆದರೆ ನಾಟಕಕ್ಕೂ ಚಲಚ್ಚಿತ್ರಕ್ಕೂ ಒಂದು ಮುಖ್ಯವಾದ ಭೇದವುಂಟು. ನಾಟಕದ ಗ್ರಂಥವು ಉಳಿದಿದ್ದರೆ ನಟರು ಅದನ್ನು ಮರಳಿ ಆಡಬಹುದು. ಚಲಚ್ಚಿತ್ರದಲ್ಲಿಯಾದರೋ ಗ್ರಂಥವೂ ಪ್ರಯೋಗವೂ ಒಂದೇ ಫಿಲ್ಮಿನ ಸುರುಳಿಯಲ್ಲಿ ಅಡಗಿರುತ್ತವೆ. ಸುರುಳಿ ಮಾಸಿದರೆ ಕೃತಿಯು ಮಾಸಿತು. ಸುರುಳಿ ಸುಟ್ಟರೆ ಕೃತಿಯು ಸುಟ್ಟಿತು.

ಆದಕಾರಣ, ಸಾಹಿತ್ಯಕೃತಿಯೊಂದರ ಚಲಚ್ಚಿತ್ರರೂಪವನ್ನು ಕುರಿತು ವಿಚಾರಮಾಡುವವರು ತಾವು ನೋಡಿದುದು ಯಾವ ಪ್ರತಿ, ಅದು ಎಲ್ಲಿಂದ ಬಂದುದು, ಎಷ್ಟರಮಟ್ಟಿಗೆ ಶುದ್ಧವಾದುದು ಎಂಬುದನ್ನು ಮೊದಲು ಕೇಳಿಕೊಳ್ಳಬೇಕಾಗುತ್ತದೆ. ಓಲೆಯ ಪ್ರತಿಗಳ ವಿಷಯದಲ್ಲಿ ವಿದ್ವಾಂಸರು ಈ ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಚಿತ್ರಗಳ ವಿಷಯದಲ್ಲಿ ಕೇಳುವವರು ವಿರಳ. ಈಗ ಅಧ್ಯಾಪಕರು ಹಳೆಯ ಚಿತ್ರಗಳನ್ನು ಮನೆಯಲ್ಲಿಯೇ ಹೈ-ಡೆಫಿನಿಷನ್ ಎಂಬ ಸೂಕ್ಷ್ಮಸ್ಪಷ್ಟ ಪ್ರತಿಗಳಲ್ಲಿ ನೋಡಬಹುದಾಗಿದೆ. ಇಂತಹ ಪ್ರತಿಯಿಂದ ಸಹೃದಯನಿಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ಬಂಗಾಳದ ‘ಪಥೇರ್ ಪಾಂಚಾಲಿ’ಯನ್ನು ಉದಾಹರಣೆಯಾಗಿಟ್ಟುಕೊಂಡು ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಮೂಲಕೃತಿ ಮತ್ತು ಚಿತ್ರ

ವಿಭೂತಿಭೂಷಣ ಬಂದ್ಯೋಪಾಧ್ಯಾಯರ (೧೮೯೪–೧೯೫೦) ಈ ಕಾದಂಬರಿಯು ‘ವಿಚಿತ್ರಾ’ ಎಂಬ ಮಾಸಪತ್ರಿಕೆಯಲ್ಲಿ ಕಂತುಕಂತಾಗಿ ಬಂದು, ೧೯೨೯ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ‘ಪಾಂಚಾಲಿ’ ಎಂಬುದು ಬಂಗಾಳದ ಒಂದು ಕಥನಗೀತಪ್ರಕಾರದ ಹೆಸರು. ‘ಪಥೇರ್’ ಎಂದರೆ ‘ದಾರಿಯ’ ಎಂದರ್ಥ. ನಿಶ್ಚಿಂದಿಪುರವೆಂಬ ಹಳ್ಳಿಯ ಬಡ ಪುರೋಹಿತನಾದ ಹರಿಹರ, ಆತನ ಪತ್ನಿ ಸರ್ವಜಯಾ, ಮಗಳು ದುರ್ಗಾ, ಮಗ ಅಪು, ಆಶ್ರಿತಳಾದ ವೃದ್ಧೆ ಇಂದಿರ್ ಠಾಕುರಾಣಿ, ಇವರ ಬಾಳಿನ ಕಥೆಯೇ ಇದರ ವಸ್ತು. ಗ್ರಂಥದಲ್ಲಿ ‘ಬಲ್ಲಾಲೀ ಬಾಲಾಈ’, ‘ಆಮ್ ಆಂಟಿರ್ ಭೇಂಪು’, ‘ಅಕ್ರೂರ ಸಂವಾದ’ ಎಂಬ ಮೂರು ಭಾಗಗಳಿವೆ.

ಸತ್ಯಜಿತ್ ರಾಯರು (೧೯೨೧–೧೯೯೨) ಕಲ್ಕತ್ತೆಯ ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿದ್ದಾಗ, ಈ ಕಾದಂಬರಿಯ ಬಾಲಕರ ಸಂಕ್ಷೇಪಕ್ಕೆ ಚಿತ್ರಗಳನ್ನು ಬರೆದರು; ಅದೇ ಮುಂದೆ ಚಲಚ್ಚಿತ್ರಕ್ಕೆ ಬೀಜವಾಯಿತು. ೧೯೫೨ರ ಅಕ್ಟೋಬರಿನಲ್ಲಿ ಚಿತ್ರಣವು ಆರಂಭವಾಗಿ, ಹಣದ ಅಭಾವದಿಂದ ಹಲವು ಸಲ ನಿಂತು, ಕಡೆಗೆ ಪಶ್ಚಿಮ ಬಂಗಾಳ ಸರ್ಕಾರದ ದ್ರವ್ಯಸಹಾಯದಿಂದ ಪೂರ್ಣವಾಯಿತು. ಹಗಲಿನ ಹೊರಾಂಗಣ ದೃಶ್ಯಗಳು ಕಲ್ಕತ್ತೆಯ ಸಮೀಪದ ಬೋರಾಲ್ ಎಂಬ ಗ್ರಾಮದಲ್ಲಿಯೂ, ರಾತ್ರಿಯ ಒಳಾಂಗಣ ದೃಶ್ಯಗಳು ಸ್ಟುಡಿಯೋದಲ್ಲಿಯೂ ಚಿತ್ರಿತವಾದುವು. ಛಾಯಾಗ್ರಾಹಕರು ಸುಬ್ರತ ಮಿತ್ರ, ಕಲಾನಿರ್ದೇಶಕರು ಬಂಸಿ ಚಂದ್ರಗುಪ್ತ, ಸಂಕಲನಕಾರರು ದುಲಾಲ್ ದತ್ತ, ಸಂಗೀತಕಾರರು ರವಿಶಂಕರ್. ಚಿತ್ರವು ೧೯೫೫ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶಿತವಾಗಿ, ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಕಲ್ಕತ್ತೆಯಲ್ಲಿ ತೆರೆಕಂಡಿತು; ೧೯೫೬ರಲ್ಲಿ ಕಾನ್ ಉತ್ಸವದ ಪ್ರಶಸ್ತಿಯನ್ನು ಪಡೆಯಿತು.

೩. ದಗ್ಧಪ್ರತಿಯ ಪರಿಷ್ಕರಣ

೧೯೯೨ರಲ್ಲಿ ಅಮೆರಿಕದ ಚಲಚ್ಚಿತ್ರ ಅಕಾಡೆಮಿಯು ರಾಯರಿಗೆ ಗೌರವಪುರಸ್ಕಾರವನ್ನು ಸಲ್ಲಿಸಿತು. ಆ ಸಂದರ್ಭದಲ್ಲಿ ಅವರ ಚಿತ್ರಗಳ ಯೋಗ್ಯ ಪ್ರತಿಗಳು ದೊರೆಯುವುದು ಎಷ್ಟು ಕಷ್ಟವೆಂಬುದು ಬಯಲಾಗಿ, ರಕ್ಷಣಕಾರ್ಯಕ್ಕೆ ಉದ್ಯಮವು ನಡೆಯಿತು. ಆದರೆ ೧೯೯೩ರ ಜುಲೈ ತಿಂಗಳಲ್ಲಿ ಲಂಡನ್ನಿನ ಒಂದು ಫಿಲ್ಮ್ ಪ್ರಯೋಗಶಾಲೆಯಲ್ಲಿ ಬೆಂಕಿಯೆದ್ದು, ಅಲ್ಲಿದ್ದ ರಾಯರ ಹಲವು ಚಿತ್ರಗಳ ಮೂಲ ನೆಗೆಟಿವುಗಳು ಸುಟ್ಟುಹೋದುವು. ಉಳಿದ ತುಣುಕುಗಳಿಂದ ಆಗ ಪ್ರಯೋಜನವಿಲ್ಲವೆಂದು ತೋರಿದರೂ ಅವುಗಳನ್ನು ಬಿಸಾಡದೆ ಅಕಾಡೆಮಿಯ ಭಂಡಾರದಲ್ಲಿ ಇರಿಸಲಾಯಿತು. ಈ ಒಂದು ವಿವೇಕವೇ ಮುಂದಿನ ಕಾರ್ಯಕ್ಕೆಲ್ಲ ಆಧಾರವಾಯಿತು.

ಸುಮಾರು ಇಪ್ಪತ್ತು ವರ್ಷಗಳ ಮೇಲೆ, ೨೦೧೩ರಲ್ಲಿ, ಕ್ರೈಟೀರಿಯನ್ ಸಂಸ್ಥೆಯು ಅಕಾಡೆಮಿಯ ಭಂಡಾರದೊಡನೆ ಸೇರಿ ಜೀರ್ಣೋದ್ಧಾರವನ್ನು ಕೈಗೊಂಡಿತು. ಇಟಲಿಯ ಬೊಲೊನ್ಯಾ ನಗರದ ‘ಲಿಮ್ಮಾಜಿನೆ ರಿತ್ರೊವಾತಾ’ ಎಂಬ ಪ್ರಯೋಗಶಾಲೆಯಲ್ಲಿ ಕುಶಲಿಗಳು ಶುಷ್ಕವಾಗಿ ಮುರಿಯುತ್ತಿದ್ದ ಫಿಲ್ಮಿಗೆ ಮರಳಿ ತೇವವನ್ನು ಕೊಟ್ಟರು. ಕರಗಿ ಅಂಟಿಕೊಂಡಿದ್ದ ಮೇಣ, ಗೋಂದು, ಪಟ್ಟಿಗಳನ್ನು ತೆಗೆದರು. ಅಂಚಿನ ರಂಧ್ರಗಳನ್ನು ಕೈಯಿಂದಲೇ ಮತ್ತೆ ಕಟ್ಟಿದರು. ಈ ಕೈಗೆಲಸಕ್ಕೆ ಸುಮಾರು ಒಂದು ಸಾವಿರ ಗಂಟೆಗಳು ಹಿಡಿದುವು. ಹೀಗೆ ‘ಪಥೇರ್ ಪಾಂಚಾಲಿ’ಯ ನೂರಕ್ಕೆ ೪೦ ಪಾಲೂ, ಅದರ ಮುಂದಿನ ಕಥೆಯಾದ ‘ಅಪರಾಜಿತೋ’ವಿನ ನೂರಕ್ಕೆ ೬೦ಕ್ಕಿಂತ ಹೆಚ್ಚು ಪಾಲೂ ಮೂಲ ನೆಗೆಟಿವಿನಿಂದಲೇ ಉದ್ಧೃತವಾದುವು. ಮೂರನೆಯದಾದ ‘ಅಪುರ್ ಸಂಸಾರ್’ ಚಿತ್ರದ ಉಳಿದ ಎರಡು ಸುರುಳಿಗಳಾದರೋ ಉಪಯೋಗಕ್ಕೆ ಬಾರದಷ್ಟು ಕೆಟ್ಟಿದ್ದುವು. ಲುಪ್ತಭಾಗಗಳನ್ನು ಬೇರೆ ಬೇರೆ ಭಂಡಾರಗಳಲ್ಲಿದ್ದ ಪ್ರತಿನೆಗೆಟಿವುಗಳಿಂದಲೂ ಸೂಕ್ಷ್ಮಕಣದ ಮಾತೃಪ್ರತಿಗಳಿಂದಲೂ ತುಂಬಲಾಯಿತು. ಪರಿಷ್ಕೃತ ಚಿತ್ರವು ೨೦೧೫ರಲ್ಲಿ ಚಿತ್ರಮಂದಿರಗಳಿಗೆ ಬಂದು, ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಬ್ಲೂ-ರೇ ಮುದ್ರಿಕೆಯಾಗಿ ಪ್ರಕಟವಾಯಿತು.

ಗ್ರಂಥಸಂಪಾದನದ ಪರಿಚಯವುಳ್ಳವರಿಗೆ ಈ ಕ್ರಮವು ಅಪೂರ್ವವೆಂದು ತೋರಲಾರದು. ಹುಳು ತಿಂದ ಮೂಲದ ಓಲೆ, ಅದರಿಂದ ಹಿಂದೆ ಇಳಿಸಿಕೊಂಡಿದ್ದ ಪ್ರತಿಗಳು, ಅವುಗಳ ತಾರತಮ್ಯನಿರ್ಣಯ, ಒಂದರ ಲೋಪವನ್ನು ಮತ್ತೊಂದರಿಂದ ಪೂರಣಮಾಡುವುದು, ಇವೆಲ್ಲವೂ ಇಲ್ಲಿಯೂ ನಡೆದಿವೆ. ಇದರಿಂದ ಸಿದ್ಧವಾಗುವ ಅಂಶವೊಂದುಂಟು. ಬ್ಲೂ-ರೇ ಮುದ್ರಿಕೆಯನ್ನು ನೋಡುವವನು ೧೯೫೫ರ ಸುರುಳಿಯನ್ನೇ ನೋಡುತ್ತಿಲ್ಲ. ಹಲವು ಸಾಕ್ಷಿಗಳನ್ನು ಕೂಡಿಸಿ ಸಂಪಾದಿಸಿದ ಒಂದು ಶೋಧಿತ ಪಾಠವನ್ನು ನೋಡುತ್ತಿದ್ದಾನೆ. ಒಂದು ದೃಶ್ಯವು ಅತಿಸೂಕ್ಷ್ಮವಾಗಿಯೂ ಮತ್ತೊಂದು ಸ್ವಲ್ಪ ಮೃದುವಾಗಿಯೂ ಕಂಡರೆ, ಅದು ಛಾಯಾಗ್ರಾಹಕನ ಅಭಿಪ್ರಾಯವೆಂದು ತ್ವರೆಯಿಂದ ವ್ಯಾಖ್ಯಾನಿಸತಕ್ಕದ್ದಲ್ಲ. ಆಧಾರಪ್ರತಿಯು ಬೇರೆಯಾಗಿರುವುದೂ ಅದಕ್ಕೆ ಕಾರಣವಾಗಿರಬಹುದು.

೪. ಸ್ಪಷ್ಟತೆಯ ಪ್ರಮಾಣ

ಈ ಪ್ರತಿಗಳಿಗೂ ಹಳೆಯ ಡಿ.ವಿ.ಡಿ. ಮುದ್ರಿಕೆಗಳಿಗೂ ಇರುವ ಅಂತರವನ್ನು ಲೆಕ್ಕದಿಂದ ತಿಳಿಯುವುದು ಸುಲಭ. ಭಾರತದಲ್ಲಿ ರೂಢಿಯಲ್ಲಿದ್ದ ಡಿ.ವಿ.ಡಿ.ಯ ಒಂದೊಂದು ಚಿತ್ರದಲ್ಲಿಯೂ ೭೨೦ಕ್ಕೆ ೫೭೬ರಂತೆ ೪,೧೪,೭೨೦ ಚಿತ್ರಬಿಂದುಗಳಿರುತ್ತವೆ. ಬ್ಲೂ-ರೇಯಲ್ಲಿ ೧೯೨೦ಕ್ಕೆ ೧೦೮೦ರಂತೆ ೨೦,೭೩,೬೦೦ ಬಿಂದುಗಳು. ಅಂದರೆ ಸರಿಯಾಗಿ ಐದು ಪಟ್ಟು. ಆದರೆ ‘ಪಥೇರ್ ಪಾಂಚಾಲಿ’ಯ ಚೌಕಟ್ಟು ಎತ್ತರ ೧ಕ್ಕೆ ಅಗಲ ೧.೩೭ರಷ್ಟಿರುವುದರಿಂದ, ಅಗಲವಾದ ತೆರೆಯ ಎರಡು ಪಾರ್ಶ್ವಗಳು ಕಪ್ಪಾಗಿ ಉಳಿದು, ಚಿತ್ರಕ್ಕೆ ಸಲ್ಲುವುವು ಸುಮಾರು ೧೬ ಲಕ್ಷ ಬಿಂದುಗಳು. ಸೆಕೆಂಡಿಗೆ ೨೪ ಚಿತ್ರಗಳ ಲೆಕ್ಕದಲ್ಲಿ ೧೨೫ ನಿಮಿಷಗಳ ಈ ಕೃತಿಯಲ್ಲಿ ಸುಮಾರು ೧,೮೦,೦೦೦ ಚಿತ್ರಗಳಿವೆಯೆಂದಾಗುತ್ತದೆ.

ಈ ಸಂಪತ್ತು ವ್ಯರ್ಥವಾಗಲು ಮೂರು ಕಾರಣಗಳುಂಟು. ಮೊದಲನೆಯದು ದೂರ. ೧೦೮೦ ಗೆರೆಗಳ ಚಿತ್ರದ ಸೂಕ್ಷ್ಮತೆಯು ಕಣ್ಣಿಗೆ ನಿಲುಕಬೇಕಾದರೆ ತೆರೆಯ ಎತ್ತರದ ಮೂರರಷ್ಟು ದೂರದೊಳಗೆ ಕುಳಿತಿರಬೇಕು. ಎರಡು ಅಡಿ ಎತ್ತರದ ತೆರೆಗೆ ಆರು ಅಡಿ. ಅದಕ್ಕಿಂತ ದೂರ ಹೋದಷ್ಟೂ ಹಳೆಯ ಪ್ರತಿಗೂ ಹೊಸ ಪ್ರತಿಗೂ ಭೇದವು ಅಡಗುತ್ತ ಹೋಗುತ್ತದೆ. ಭರತಮುನಿಯು ಮನುಷ್ಯರ ಪ್ರೇಕ್ಷಾಗೃಹಕ್ಕೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲವೆಂದು ಮಿತಿಯನ್ನು ವಿಧಿಸಿ, ಮೀರಿದರೆ ಪಾಠ್ಯವು ಅಸ್ಪಷ್ಟವಾಗುವುದೆಂದೂ ಮುಖದ ಭಾವವು ಕಾಣದೆ ಹೋಗುವುದೆಂದೂ ಹೇಳಿರುವುದು ಇಲ್ಲಿ ಸ್ಮರಣೀಯ. ಎರಡನೆಯದು ಚೌಕಟ್ಟಿನ ಭಂಗ. ತೆರೆಯು ತುಂಬಲೆಂದು ಚಿತ್ರವನ್ನು ಎಳೆದರೆ ಎಲ್ಲ ರೂಪಗಳೂ ನೂರಕ್ಕೆ ೩೦ ಪಾಲು ಅಗಲವಾಗುತ್ತವೆ; ಕತ್ತರಿಸಿದರೆ ಮೇಲೂ ಕೆಳಗೂ ಲೋಪವುಂಟಾಗುತ್ತದೆ. ಮೂರನೆಯದು ಪ್ರಕ್ಷೇಪ. ಈಗಿನ ಅನೇಕ ದೂರದರ್ಶನಯಂತ್ರಗಳು ಚಲನೆಯನ್ನು ನುಣುಪುಮಾಡುವುದಕ್ಕಾಗಿ ಎರಡು ಚಿತ್ರಗಳ ನಡುವೆ ತಾವೇ ಕಲ್ಪಿಸಿದ ಚಿತ್ರಗಳನ್ನು ಸೇರಿಸುತ್ತವೆ. ಕವಿಯ ಪದ್ಯಗಳ ನಡುವೆ ಲಿಪಿಕಾರನು ತನ್ನ ಪದ್ಯವನ್ನು ಸೇರಿಸಿದರೆ ಅದು ಪ್ರಕ್ಷಿಪ್ತವೆನಿಸುವಂತೆ, ಇದೂ ಪ್ರಕ್ಷಿಪ್ತವೇ. ಯಂತ್ರದ ಈ ವ್ಯವಸ್ಥೆಯನ್ನು ನಿಲ್ಲಿಸಿದ ಹೊರತು ಮೂಲಪಾಠವು ಕಾಣುವುದಿಲ್ಲ. ಫಿಲ್ಮಿನ ಸಹಜವಾದ ಕಣವಿನ್ಯಾಸವನ್ನು ದೋಷವೆಂದೆಣಿಸಿ ಅಳಿಸುವುದೂ ಇದೇ ಜಾತಿಯ ಅಪಚಾರ. ಕಣದೊಡನೆ ಚರ್ಮದ ಸುಕ್ಕು, ನೂಲಿನ ಎಳೆ, ಹುಲ್ಲಿನ ತುದಿಗಳೂ ಅಳಿಯುತ್ತವೆ.

೫. ಇತಿವೃತ್ತದ ವ್ಯತ್ಯಾಸ ಮತ್ತು ದೃಶ್ಯದ ಸಾಕ್ಷ್ಯ

ಕಾದಂಬರಿಗೂ ಚಿತ್ರಕ್ಕೂ ಇರುವ ಭೇದಗಳನ್ನು ಪಟ್ಟಿಮಾಡುವುದು ಅಧ್ಯಾಪಕರ ವಾಡಿಕೆ. ಆ ಭೇದಗಳು ಏಕೆ ಬಂದುವೆಂಬುದನ್ನು ನಿರ್ಣಯಿಸಲು ದೃಶ್ಯವೇ ಸಾಕ್ಷಿಯಾಗಬೇಕು. ಇತಿವೃತ್ತದಲ್ಲಿ ರಸಕ್ಕೆ ಪ್ರತಿಕೂಲವಾದುದನ್ನು ಬಿಟ್ಟು ಅನುಕೂಲವಾದುದನ್ನು ಕಲ್ಪಿಸಿಕೊಳ್ಳಬೇಕೆಂದು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ನಿರ್ಣಯಿಸಿದ್ದಾನೆ. ಕುಂತಕನು ಇಂತಹ ಕಲ್ಪನೆಯನ್ನು ಪ್ರಕರಣವಕ್ರತೆಯಲ್ಲಿ ಸೇರಿಸಿ, ಶಾಕುಂತಲದ ದುರ್ವಾಸಶಾಪವನ್ನು ಉದಾಹರಿಸಿದ್ದಾನೆ. ಈ ದೃಷ್ಟಿಯಿಂದ ಮೂರು ಪ್ರಕರಣಗಳನ್ನು ಪರಿಶೀಲಿಸಬಹುದು.

ಮೊದಲನೆಯದು ರೈಲಿನ ಪ್ರಕರಣ. ಕಾದಂಬರಿಯಲ್ಲಿ ಅಕ್ಕತಮ್ಮಂದಿರು ರೈಲನ್ನು ಕಾಣಲು ಹೊರಟರೂ ಅವರ ಪ್ರಯತ್ನವು ಸಫಲವಾಗುವುದಿಲ್ಲ. ಚಿತ್ರದಲ್ಲಿ ಅವರಿಬ್ಬರೂ ಕಾಶದ ಹೂವಿನ ಬಯಲಿನಲ್ಲಿ ಓಡುತ್ತಾರೆ. ದುರ್ಗೆಯು ಎಡವಿ ಹಿಂದುಳಿಯುತ್ತಾಳೆ. ಅಪು ಹಳಿಯ ಬಳಿಗೆ ತಲುಪುತ್ತಾನೆ. ಹಾಗಾದರೆ ರಾಯರು ಮೂಲದ ವಿಫಲತೆಯನ್ನು ಪೂರ್ಣವಾಗಿ ತೊಡೆದರೆಂದು ಹೇಳಬಹುದೇ? ಹೇಳಲಾಗದು. ದೃಶ್ಯವನ್ನು ಸ್ಪಷ್ಟವಾಗಿ ಕಂಡವನಿಗೆ ಅಕ್ಕನು ಹಿಂದುಳಿದುದೂ ತಮ್ಮನು ಮುಂದೆ ಹೋದುದೂ ಎರಡೂ ಏಕಕಾಲದಲ್ಲಿ ಮನಸ್ಸಿಗೆ ನಾಟುತ್ತವೆ. ಮೂಲದಲ್ಲಿ ಇಬ್ಬರಿಗೂ ಸಮನಾಗಿದ್ದ ನಿರಾಶೆಯು ಇಲ್ಲಿ ಒಬ್ಬಳಿಗೆ ಮಾತ್ರ ಉಳಿದು, ಆಕೆಯ ಮುಂದಿನ ಗತಿಗೆ ಸೂಚನೆಯಾಗುತ್ತದೆ. ಅಸ್ಪಷ್ಟವಾದ ಪ್ರತಿಯಲ್ಲಿ ಬಿಳಿಯ ಹೂವೂ ಬಿಳಿಯ ಆಕಾಶವೂ ಒಂದಾಗಿ, ದುರ್ಗೆಯು ಎಡವುವ ಕ್ಷಣವು ಕಣ್ತಪ್ಪಿಹೋಗುವ ಸಂಭವವುಂಟು. ಕಣ್ತಪ್ಪಿದರೆ ವ್ಯಾಖ್ಯಾನವೂ ತಪ್ಪುತ್ತದೆ. ಈ ದೃಶ್ಯದ ಚಿತ್ರಣಕ್ಕೆ ಎರಡು ಋತುಗಳು ಬೇಕಾದುವು. ಮೊದಲ ದಿನದ ಕೆಲಸದ ನಂತರ ಮರುವಾರ ಬಂದು ನೋಡಿದಾಗ ದನಗಳು ಹೂವನ್ನೆಲ್ಲ ಮೇಯ್ದಿದ್ದುವು. ಮರುವರ್ಷದ ಹೂವಿಗಾಗಿ ಕಾಯಬೇಕಾಯಿತು.

ಎರಡನೆಯದು ವೃದ್ಧೆಯ ಮರಣ. ಕಾದಂಬರಿಯಲ್ಲಿ ಇದು ಆರಂಭದಲ್ಲಿಯೇ, ಊರಿನ ಹಿರಿಯರ ಸಮಕ್ಷಮದಲ್ಲಿ ನಡೆಯುತ್ತದೆ. ಚಿತ್ರದಲ್ಲಿ ರೈಲನ್ನು ಕಂಡು ಮರಳುವ ಮಕ್ಕಳೇ ಬಿದಿರುಮೆಳೆಯಲ್ಲಿ ಆಕೆಯನ್ನು ಕಾಣುತ್ತಾರೆ. ದುರ್ಗೆಯು ಮುಟ್ಟಿದೊಡನೆ ದೇಹವು ಒರಗುತ್ತದೆ. ದೂರದೇಶದ ಕೌತುಕವೂ ಮನೆಯ ಮೃತ್ಯುವೂ ಒಂದೇ ದಿನದ ಅನುಭವವಾಗಿ ಅದ್ಭುತವು ಕರುಣಕ್ಕೆ ಅಂಗವಾಗುವುದು ಈ ಜೋಡಣೆಯ ಫಲ. ಪಾತ್ರವನ್ನು ಧರಿಸಿದ ಚುನೀಬಾಲಾ ದೇವಿಯವರು ಆಗ ಎಂಬತ್ತರ ಆಸುಪಾಸಿನವರು; ಚಿತ್ರವು ತೆರೆಕಾಣುವ ಮೊದಲೇ ಕಾಲವಾದರು. ಅವರ ಮುಖದ ಒಂದೊಂದು ಸುಕ್ಕೂ ಅಭಿನಯದ ಭಾಗವೇ ಆಗಿದೆ. ಮಾಸಿದ ಪ್ರತಿಯಲ್ಲಿ ‘ಒಬ್ಬ ಮುದುಕಿ’ ಮಾತ್ರ ಕಾಣುತ್ತಾಳೆ. ಶುದ್ಧಪ್ರತಿಯಲ್ಲಿ ಹಣ್ಣನ್ನು ಕಂಡು ಅರಳುವ, ಗದರಿಕೆಗೆ ಮುದುಡುವ ಒಂದು ಜೀವವು ಕಾಣುತ್ತದೆ.

ಮೂರನೆಯದು ಹರಿಹರನ ಪ್ರತ್ಯಾಗಮನ. ಮಗಳಿಗೆಂದು ತಂದ ಸೀರೆಯನ್ನು ಆತನು ಹೆಂಡತಿಯ ಕೈಗೆ ಕೊಡುತ್ತಾನೆ. ದುರ್ಗೆಯು ಸತ್ತುದು ಆತನಿಗೆ ತಿಳಿಯದು. ಸರ್ವಜಯೆಯು ಒಡೆದು ಅಳುವಾಗ ಆಕೆಯ ಕಂಠಸ್ವರವು ಕೇಳಿಸುವುದಿಲ್ಲ. ಅದರ ಸ್ಥಾನದಲ್ಲಿ ತಾರ್ ಶಹನಾಯಿಯ ಪಟದೀಪ್ ರಾಗವು ಏರುತ್ತದೆ. ಇಲ್ಲಿ ರೋದನವು ವಾಚ್ಯವಾಗದೆ ನಾದದಿಂದ ವ್ಯಂಗ್ಯವಾಗಿರುವುದನ್ನು ವಿದ್ಯಾರ್ಥಿಗಳಿಗೆ ತೋರಿಸಬಹುದು. ಕರಕರ ಶಬ್ದದಿಂದ ಕೂಡಿದ ಪ್ರತಿಯಲ್ಲಿ ಕೇಳುವವನು ವಾದ್ಯವನ್ನು ಅಳುವೆಂದೋ, ಧ್ವನಿಯ ಲೋಪವನ್ನು ಪ್ರತಿಯ ದೋಷವೆಂದೋ ಭ್ರಮಿಸಬಹುದು. ಕವಿಯ ಮೌನಕ್ಕೂ ಲಿಪಿಕಾರನ ಲೋಪಕ್ಕೂ ಇರುವ ವಿವೇಕವು ಶುದ್ಧಪ್ರತಿಯಿಂದ ಮಾತ್ರ ಸಾಧ್ಯ.

ಇದಲ್ಲದೆ, ಕಳವಾಗಿದ್ದ ಹಾರವನ್ನು ಅಕ್ಕನ ಮರಣಾನಂತರ ಅಪು ಕೊಳಕ್ಕೆ ಎಸೆಯುವ ದೃಶ್ಯವು ಗಮನಾರ್ಹ. ನೀರಿನ ಮೇಲಿನ ಪಾಚಿಯು ಬಿರಿದು ಮೆಲ್ಲಮೆಲ್ಲನೆ ಕೂಡಿಕೊಳ್ಳುತ್ತದೆ. ಮಾತೊಂದೂ ಇಲ್ಲದ ಈ ಪ್ರಕರಣದ ಅರ್ಥವೆಲ್ಲ ಆ ಪಾಚಿಯ ಚಲನೆಯಲ್ಲಿದೆ. ಅಕ್ಕನು ಕದ್ದದ್ದು ನಿಜವೆಂಬುದು ತಮ್ಮನಿಗೆ ತಿಳಿಯಿತು. ಲೋಕಕ್ಕೆ ತಿಳಿಯದಂತೆ ನೀರು ಮುಚ್ಚಿಕೊಂಡಿತು.

೬. ರಸವಿಘ್ನಗಳು

ಇಷ್ಟರಿಂದ ಸೂಕ್ಷ್ಮಸ್ಪಷ್ಟ ಪ್ರತಿಯಿದ್ದಲ್ಲಿ ರಸಾನುಭವವು ತಾನಾಗಿ ಸಿದ್ಧಿಸುವುದೆಂದು ಊಹಿಸತಕ್ಕದ್ದಲ್ಲ. ಅಭಿನವಗುಪ್ತನು ಅಭಿನವಭಾರತಿಯಲ್ಲಿ ರಸಪ್ರತೀತಿಗೆ ಏಳು ವಿಘ್ನಗಳನ್ನು ಹೇಳಿದ್ದಾನೆ. ಅವುಗಳಲ್ಲಿ ನಾಲ್ಕು ಇಲ್ಲಿಗೆ ಪ್ರಸ್ತುತ: ಪ್ರತೀತಿಯ ಉಪಾಯಗಳ ವೈಕಲ್ಯ, ಸ್ಫುಟತ್ವದ ಅಭಾವ, ನಿಜಸುಖದುಃಖಗಳಿಗೆ ವಶನಾಗಿರುವುದು, ಅಪ್ರಧಾನತೆ.

ಇವುಗಳಲ್ಲಿ ಮೊದಲ ಎರಡಕ್ಕೂ ಇರುವ ಭೇದವು ಮುಖ್ಯವಾದುದು. ಚಿತ್ರವು ಮಸುಕಾಗಿರುವುದು, ಮಾತು ಕೇಳಿಸದಿರುವುದು ಉಪಾಯವೈಕಲ್ಯ. ಇದನ್ನು ಪರಿಷ್ಕೃತ ಪ್ರತಿಯು ಪರಿಹರಿಸುತ್ತದೆ. ಸ್ಫುಟತ್ವವೆಂಬುದಾದರೋ ಬೇರೆ. ಶಬ್ದದಿಂದಲೂ ಅನುಮಾನದಿಂದಲೂ ಬಂದ ಅರಿವು ಪ್ರತ್ಯಕ್ಷದಂತೆ ಮನಸ್ಸಿಗೆ ನೆಲೆಸುವುದಿಲ್ಲ. ಅಭಿನಯವು ಆ ಕೊರತೆಯನ್ನು ತುಂಬುತ್ತದೆಯೆಂಬುದು ಆಚಾರ್ಯನ ಅಭಿಪ್ರಾಯ. ಅದು ನಿರ್ದೇಶಕನಿಂದಲೂ ನಟರಿಂದಲೂ ಬರತಕ್ಕದ್ದು. ಚಿತ್ರಬಿಂದುಗಳ ಸಂಖ್ಯೆಯಿಂದ ಬರತಕ್ಕದ್ದಲ್ಲ. ಅಭಿನಯವಿಲ್ಲದ ಚಿತ್ರವನ್ನು ಎಷ್ಟು ಸ್ಪಷ್ಟವಾಗಿ ತೋರಿಸಿದರೂ ಅದು ಸ್ಫುಟವಾಗುವುದಿಲ್ಲ. ಸ್ಪಷ್ಟತೆಯು ಪ್ರತಿಯ ಧರ್ಮ. ಸ್ಫುಟತೆಯು ಕೃತಿಯ ಧರ್ಮ. ಈ ಎರಡನ್ನು ಒಂದೆಂದು ಭ್ರಮಿಸುವುದೇ ಈಗಿನ ಪ್ರೇಕ್ಷಕರಲ್ಲಿ ಹೆಚ್ಚಾಗಿ ಕಾಣುವ ತಪ್ಪು.

ಮೂರನೆಯ ವಿಘ್ನವು ಗೃಹವೀಕ್ಷಣೆಗೆ ವಿಶೇಷವಾಗಿ ಸಂಬಂಧಿಸಿದುದು. ಪ್ರೇಕ್ಷಕನು ತನ್ನ ಸುಖದುಃಖಗಳಲ್ಲಿ ಮುಳುಗಿದ್ದರೆ ಅನ್ಯವಸ್ತುವಿನಲ್ಲಿ ಚಿತ್ತವು ವಿಶ್ರಮಿಸುವುದಿಲ್ಲ. ವಾದ್ಯ, ಗಾನ, ವಿಚಿತ್ರಮಂಟಪ ಮುಂತಾದುವು ಅದಕ್ಕೆ ಪರಿಹಾರವೆಂದು ಆಚಾರ್ಯನು ಹೇಳುತ್ತಾನೆ. ಮನೆಯಲ್ಲಿ ಮಂಟಪವಿಲ್ಲ, ಸಾಮಾಜಿಕರ ಸಮುದಾಯವಿಲ್ಲ. ದೂರವಾಣಿಯ ಕರೆ, ಅಡುಗೆಯ ಕೆಲಸ, ಬಾಗಿಲ ಬಳಿಯ ಅತಿಥಿ, ಇವೆಲ್ಲವೂ ಇವೆ. ಬೇಕಾದಾಗ ನಿಲ್ಲಿಸುವ ಸೌಕರ್ಯವು ಈ ವಿಘ್ನವನ್ನು ಕಡಮೆಮಾಡುವುದಿಲ್ಲ, ಹೆಚ್ಚಿಸುತ್ತದೆ. ಹತ್ತು ಕಡೆ ನಿಂತ ಕರುಣವು ನೆಲೆಗೊಳ್ಳಲಾರದು.

ನಾಲ್ಕನೆಯದು ಸ್ಪಷ್ಟತೆಯಿಂದಲೇ ಹುಟ್ಟುವ ವಿಘ್ನ. ಎಲ್ಲವೂ ಕಾಣುವಾಗ ನೋಡಬೇಕಾದುದನ್ನು ಬಿಟ್ಟು ನೋಡಬಹುದಾದುದರ ಕಡೆಗೆ ಕಣ್ಣು ಹೋಗುತ್ತದೆ. ಬಿರುಗಾಳಿಯ ರಾತ್ರಿ ದುರ್ಗೆಯ ಶಯ್ಯೆಯ ಬಳಿ ತಾಯಿಯು ಬಾಗಿಲನ್ನು ಭದ್ರಪಡಿಸುವಾಗ, ಈ ಗೋಡೆಯು ಬೋರಾಲಿನದೋ ಸ್ಟುಡಿಯೋವಿನದೋ ಎಂದು ಹುಡುಕುವವನು ಅಪ್ರಧಾನವನ್ನು ಪ್ರಧಾನಮಾಡಿಕೊಂಡವನು. ಚಿತ್ರದ ಅಡಿಯಲ್ಲಿ ಬರುವ ಇಂಗ್ಲಿಷ್ ಅನುವಾದವೂ ಇದೇ ಅಪಾಯವನ್ನು ತರುತ್ತದೆ. ಬಂಗಾಳಿಯ ತತ್ಸಮಶಬ್ದಗಳು ಕನ್ನಡಿಗನ ಕಿವಿಗೆ ಅಷ್ಟಿಷ್ಟು ಪರಿಚಿತವಾದುವೇ ಆದುದರಿಂದ, ಕಥೆಯನ್ನು ಮೊದಲೇ ತಿಳಿದು ಅಡಿಬರಹವನ್ನು ಮಿತವಾಗಿ ಓದುವುದು ಒಳ್ಳೆಯದು.

೭. ಉಪಸಂಹಾರ

ಮೇಲಿನ ವಿಚಾರದಿಂದ ಅಧ್ಯಾಪಕರಿಗೆ ಉಪಯುಕ್ತವಾದ ಕ್ರಮವೊಂದು ಲಭಿಸುತ್ತದೆ. ಪ್ರಥಮವೀಕ್ಷಣೆಯನ್ನು ಕತ್ತಲೆಯ ಕೊಠಡಿಯಲ್ಲಿ, ಸಾಧ್ಯವಾದರೆ ನಾಲ್ಕಾರು ಮಂದಿಯೊಡನೆ, ಎಲ್ಲಿಯೂ ನಿಲ್ಲಿಸದೆ ನಡೆಸತಕ್ಕದ್ದು, ಇದು ಆಸ್ವಾದಕ್ಕೆ. ಎರಡನೆಯ ವೀಕ್ಷಣೆಯಲ್ಲಿ ಕಾದಂಬರಿಯನ್ನು ಕೈಯಲ್ಲಿ ಹಿಡಿದು ಬೇಕಾದಲ್ಲಿ ನಿಲ್ಲಿಸಬಹುದು, ಇದು ವಿಮರ್ಶೆಗೆ. ಕ್ರಮವನ್ನು ತಿರುಗಿಸಿದರೆ ಎರಡೂ ಕೆಡುತ್ತವೆ. ಅಮೆರಿಕದ ಬ್ಲೂ-ರೇ ಮುದ್ರಿಕೆಗಳು ‘ಎ’ ವಲಯಕ್ಕೂ, ಭಾರತದ ಯಂತ್ರಗಳು ‘ಸಿ’ ವಲಯಕ್ಕೂ ಸೇರಿರುವುದರಿಂದ, ಗ್ರಂಥಾಲಯಗಳು ಕೊಳ್ಳುವ ಮುನ್ನ ಯಂತ್ರದ ಅನುಕೂಲವನ್ನು ವಿಚಾರಿಸಿಕೊಳ್ಳುವುದು ಅವಶ್ಯ. ಪಾಠದಲ್ಲಿಯೂ ಪ್ರಬಂಧದಲ್ಲಿಯೂ ಚಿತ್ರವನ್ನು ಉದಾಹರಿಸುವಾಗ, ಗ್ರಂಥದ ಮುದ್ರಣವನ್ನು ಹೇಳುವಂತೆ, ಪ್ರತಿಯನ್ನೂ ಹೇಳತಕ್ಕದ್ದು.

ಈ ವಿಚಾರವು ಬಂಗಾಳಕ್ಕೆ ಮಾತ್ರ ಸೇರಿದುದಲ್ಲ. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ನಿರ್ಮಿಸಿದ ‘ಘಟಶ್ರಾದ್ಧ’ವೂ ಇದೇ ರೀತಿ ಪರಿಷ್ಕೃತವಾಗಿ ೨೦೨೪ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಗಿದೆ. ಕನ್ನಡದ ಕಥೆಕಾದಂಬರಿಗಳಿಂದ ಹುಟ್ಟಿದ ಚಿತ್ರಗಳು ಇನ್ನೂ ಅನೇಕವಿವೆ. ಅವುಗಳ ನೆಗೆಟಿವುಗಳು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂಬ ಅನ್ವೇಷಣೆಯು ಹಸ್ತಪ್ರತಿಗಳ ಅನ್ವೇಷಣೆಯಷ್ಟೇ ಸಾಹಿತ್ಯಸೇವೆಯಾದುದು. ಲಂಡನ್ನಿನ ಬೂದಿಯಲ್ಲಿ ಉಳಿದ ತುಣುಕುಗಳನ್ನು ನಿಷ್ಪ್ರಯೋಜಕವೆಂದು ಯಾರೂ ಎಸೆಯದಿದ್ದುದರಿಂದಲೇ ಸರ್ವಜಯೆಯ ಮುಖವು ಇಂದಿನ ಪ್ರೇಕ್ಷಕನಿಗೆ ಕಾಣುತ್ತಿದೆ. ಕೆಟ್ಟ ಪ್ರತಿಯನ್ನೂ ಕಾಪಾಡತಕ್ಕದ್ದು, ಒಳ್ಳೆಯ ಪ್ರತಿಯಿಂದಲೇ ತೀರ್ಪು ಕೊಡತಕ್ಕದ್ದು ಎಂಬ ಎರಡು ನಿಯಮಗಳು ಓಲೆಗೆ ಹೇಗೋ ಫಿಲ್ಮಿಗೂ ಹಾಗೆಯೇ ಸಲ್ಲುತ್ತವೆ.